ಓಡುವ ಮನಸ್ಸನ್ನು ಈ ಕ್ಷಣಕ್ಕೆ ಮರಳಿ ತರುವುದು ಹೇಗೆ?

ರಾತ್ರಿ ಹನ್ನೊಂದು ಗಂಟೆ. ಗಲ್ಫಿನಲ್ಲಿರುವ ಮಗ ಫೋನ್ ಎತ್ತುತ್ತಿಲ್ಲ. ಮೊದಲಿಗೆ ಉಮ್ಮನಿಗೆ 'ಮಲಗಿರಬೇಕು' ಅನಿಸುತ್ತದೆ. ಹತ್ತು ನಿಮಿಷದಲ್ಲಿ 'ಕೆಲಸ ಹೋಯಿತೋ ಏನೋ', ಮತ್ತೆ ಹತ್ತು ನಿಮಿಷಕ್ಕೆ 'ಆಕ್ಸಿಡೆಂಟ್ ಆಯಿತೋ ಏನೋ'. ನಿಜವಾಗಿ ನಡೆದದ್ದು ಒಂದೇ, ಅವನು ಫೋನ್ ಎತ್ತಲಿಲ್ಲ. ಉಳಿದದ್ದೆಲ್ಲ ಮನಸ್ಸು ಕಟ್ಟಿದ ಕಥೆ. ರಿಸಲ್ಟಿಗೆ, ವೀಸಾಕ್ಕೆ ಕಾಯುವ ಯುವಕರಿಗೂ ಈ ಓಟ ಹೊಸತಲ್ಲ.

ಯಾಕೆ ಹೀಗೆ?

ಕಲ್ಪಿಸಿಕೊಂಡ ಅಪಾಯಕ್ಕೂ ದೇಹ ನಿಜವಾದ ಅಪಾಯದ ಹಾಗೆಯೇ ಸ್ಪಂದಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಚುರುಕಾಗುತ್ತದೆ. ಆಗ ಮನಸ್ಸು 'ಏನೋ ಆಗಿದೆ, ಅದಕ್ಕೇ ಹೀಗಾಗ್ತಿದೆ' ಎಂದು ಇನ್ನಷ್ಟು ಹೆದರುತ್ತದೆ. ಯೋಚನೆಯನ್ನು ಬಲವಂತವಾಗಿ ಅದುಮಿದರೆ ಹೋಗುವುದಿಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ 'ಬಿಳಿ ಕರಡಿಯನ್ನು ಯೋಚಿಸಬೇಡಿ' ಎಂದರು. ಅವರ ತಲೆಗೆ ಅದೇ ಕರಡಿ ಮತ್ತೆ ಮತ್ತೆ ಬಂತು! ಹಾಗಾಗಿ ಯೋಚನೆಯೊಡನೆ ಜಗಳ ಬಿಟ್ಟು, ಗಮನಕ್ಕೆ ಬೇರೆ ನೆಲೆ ಕೊಡುವುದೇ ಸುಲಭ.

ಮಾಡಿ ನೋಡಬಹುದಾದವು

1. ಯೋಚನೆಯನ್ನು ಯೋಚನೆ ಎಂದೇ ಕರೆಯಿರಿ. 'ಅವನಿಗೆ ಏನೋ ಆಗಿದೆ' ಅನ್ನುವ ಬದಲು 'ಏನೋ ಆಗಿದೆ ಎಂಬ ಯೋಚನೆ ಬರುತ್ತಿದೆ' ಎಂದು ಹೇಳಿಕೊಳ್ಳಿ.

2. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಎರಡು ಮೂರು ನಿಮಿಷ ಸಾಕು. ಉಸಿರನ್ನು ಗಮನಿಸಿದರೆ ಗಾಬರಿ ಹೆಚ್ಚುವವರು ಕಣ್ಣು ತೆರೆದು, ಪಾದ ನೆಲಕ್ಕೆ ತಾಗುವುದನ್ನು ಗಮನಿಸಲಿ.

3. ಕಾಣುವ 5, ಮುಟ್ಟಬಹುದಾದ 4, ಕೇಳುವ 3, ಮೂಗಿಗೆ ಬರುವ 2, ಬಾಯಿಗೆ ರುಚಿಸುವ 1 ವಿಷಯವನ್ನು ಹುಡುಕಿ. ಫ್ಯಾನಿನ ಸದ್ದು, ಹೊರಗಿನ ಮಳೆ, ಚಾಯದ ರುಚಿ, ಯಾವುದೂ ಆಗುತ್ತದೆ.

4. ಕೈಗೆ ಕೆಲಸ ಕೊಡಿ. ಪಾತ್ರೆ ತೊಳೆಯಿರಿ, ನೀರಿನ ತಂಪನ್ನು ಗಮನಿಸಿ.

5. 'ಈಗ ನನ್ನಿಂದ ಆಗುವುದೇನು?' ಎಂದು ಕೇಳಿಕೊಳ್ಳಿ. ಮಗನ ರೂಮಿನವರಿಗೆ ಒಂದು ಮೆಸೇಜ್ ಹಾಕಿ, ಫೋನ್ ಬದಿಗಿಡಿ.

ಮನಸ್ಸು ಮತ್ತೆ ಓಡುತ್ತದೆ. ಅದು ಸೋಲಲ್ಲ. ಪ್ರತಿ ಸಲ ವಾಪಸ್ ಕರೆತರುವುದೇ ಅಭ್ಯಾಸ. ನೆಮ್ಮದಿಯ ದಿನಗಳಲ್ಲೇ ಇದನ್ನು ರೂಢಿಸಿಕೊಂಡರೆ ಕಷ್ಟದ ಹೊತ್ತಿಗೆ ಕೈಹಿಡಿಯುತ್ತದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ಇಂಥದ್ದೇ ಸಲಹೆ ಕೊಟ್ಟಿದ್ದರು: ತುರ್ತಿಗೆಂದು ಮನೆಯಲ್ಲಿ ಔಷಧ ಇಟ್ಟುಕೊಳ್ಳುವಂತೆ, ಒಳ್ಳೆಯ ಯೋಚನೆಗಳನ್ನೂ ಮೊದಲೇ ಸಿದ್ಧವಿಟ್ಟುಕೊಳ್ಳಬೇಕು.

ಯಾವಾಗ ಸಹಾಯ ಬೇಕು?

ಇದರಿಂದ ಸಾಲ ತೀರುವುದಿಲ್ಲ, ಕೆಲಸ ಸಿಗುವುದಿಲ್ಲ. ಆದರೆ ಅವುಗಳ ಬಗ್ಗೆ ನಿರ್ಧಾರ ತೆಗೆದುಕೊಳ್ಳಲು ತಲೆ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸದ ಆಸಕ್ತಿ ಸರಿಹೋಗದಿದ್ದರೆ ಡಾಕ್ಟರನ್ನು ಕಾಣಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ. 2022ರಲ್ಲಿ ಆರಂಭವಾದ ಇದರಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡಬಹುದು. ಬದುಕೇ ಬೇಡ ಎಂದು ಯಾರಾದರೂ ಹೇಳಿದರೆ ತಮಾಷೆ ಎಂದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಕರೆ ಮಾಡಿ. ಜ್ವರಕ್ಕೆ ಆಸ್ಪತ್ರೆಗೆ ಹೋಗಲು ನಾಚದ ನಾವು, ಮನಸ್ಸಿನ ನೋವಿಗೂ ನಾಚಬೇಕಿಲ್ಲ.