ಆರ್ಮ್ಲಿಯ ಬೀದಿಗೆ ಬಿದ್ದ ದೂಳು

ಕಲ್ನಾರು ಎಂಬ ಹೆಸರಿನಲ್ಲೇ ಆ ವಸ್ತುವಿನ ಗುಟ್ಟಿದೆ. ಅದು ಕಲ್ಲೂ ಹೌದು, ನಾರೂ ಹೌದು. ಆಸ್‌ಬೆಸ್ಟಾಸ್ ಎಂದು ಸಾಮಾನ್ಯವಾಗಿ ಕರೆಯುವ ಈ ಖನಿಜವನ್ನು ಬಂಡೆಯಿಂದ ತೆಗೆದ ಮೇಲೆ ಹತ್ತಿಯಂತೆ ಹಿಂಜಬಹುದು, ನೂಲಬಹುದು, ಬಟ್ಟೆಯನ್ನೂ ನೇಯಬಹುದು. ಆದರೆ ಹತ್ತಿಯಂತೆ ಅದು ಸುಡುವುದಿಲ್ಲ. ಉಗಿಯಂತ್ರಗಳ ಕಾಲಕ್ಕೆ ಇದಕ್ಕಿಂತ ಹೆಚ್ಚಿನದೇನು ಬೇಕಿತ್ತು? ರೈಲು ಎಂಜಿನ್ನಿನ ಬಾಯ್ಲರಿಗೆ ಹೊದಿಕೆಯಾಗಿ, ಹಡಗಿನ ಕೊಳವೆಗಳಿಗೆ ಸುತ್ತುಪಟ್ಟಿಯಾಗಿ, ಕೊನೆಗೆ ಸಿಮೆಂಟಿನೊಡನೆ ಬೆರೆತು ಬಡವರ ಮನೆಯ ಸೂರಾಗಿ ಕಲ್ನಾರು ಜಗತ್ತನ್ನೆಲ್ಲ ಸುತ್ತಿತು. ನಮ್ಮ ಗೋದಾಮು, ಕೋಳಿ ಫಾರಂ, ದನದ ಕೊಟ್ಟಿಗೆಗಳ ಮೇಲೆ ಕಾಣುವ ಅಲೆಅಲೆಯಾದ ಬೂದುಬಣ್ಣದ ಶೀಟುಗಳಲ್ಲಿ ಬಹಳಷ್ಟು ಇದರದೇ ಸಂತತಿ.

ಈ ನಾರಿನ ಎಳೆ ಎದೆಯೊಳಗೆ ಹೊಕ್ಕರೆ ಅದರ ಫಲ ಗೊತ್ತಾಗಲು ಮೂವತ್ತು, ನಲವತ್ತು, ಕೆಲವೊಮ್ಮೆ ಐವತ್ತು ವರ್ಷಗಳೇ ಬೇಕು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ಕಂಪೆನಿಯ ಹೆಸರು ಬದಲಾಗಿರುತ್ತದೆ, ಹಾಜರಿ ಪುಸ್ತಕ ಗೆದ್ದಲ ಪಾಲಾಗಿರುತ್ತದೆ. ಹಾಗಾದಾಗ ರೋಗಿ ಯಾರನ್ನು ಕೇಳಬೇಕು? ಇಂಗ್ಲೆಂಡಿನ ಲೀಡ್ಸ್ ನಗರದ ಆರ್ಮ್ಲಿ ಎಂಬ ಕಾರ್ಮಿಕರ ಬಡಾವಣೆ ಈ ಪ್ರಶ್ನೆಯನ್ನು ನ್ಯಾಯಾಲಯದವರೆಗೂ ಒಯ್ದಿತು.

ಆರ್ಮ್ಲಿಯಲ್ಲಿ ಜೆ. ಡಬ್ಲ್ಯು. ರಾಬರ್ಟ್ಸ್ ಎಂಬ ಕಂಪೆನಿಯ ಕಲ್ನಾರು ಕಾರ್ಖಾನೆ ಇತ್ತು. ಸುತ್ತಲೂ ಒತ್ತೊತ್ತಾಗಿ ಕಟ್ಟಿದ ಸಾಲುಮನೆಗಳು, ಪಕ್ಕದಲ್ಲೇ ಶಾಲೆ. ಕಾರ್ಖಾನೆಯಿಂದ ಹೊರಬಿದ್ದ ದೂಳು ಕಿಟಕಿಯ ಅಂಚಿನ ಮೇಲೆ, ಅಂಗಳದಲ್ಲಿ, ಬೀದಿಯಲ್ಲಿ ಹಿಮದಂತೆ ಕೂರುತ್ತಿತ್ತು. ಮಕ್ಕಳಿಗೆ ಅದು ಆಟದ ಸಾಮಗ್ರಿ. ಅದನ್ನು ಉಂಡೆ ಕಟ್ಟಿ ಎರಚಾಡುತ್ತಿದ್ದರು, ಸರಕು ಇಳಿಸುವ ಕಟ್ಟೆಯ ಮೇಲೆ ಕಲ್ನಾರಿನ ಚೀಲಗಳ ನಡುವೆ ಕುಣಿದಾಡುತ್ತಿದ್ದರು. ಈ ಮಕ್ಕಳಲ್ಲಿ ಜೂನ್ ಹ್ಯಾನ್‌ಕಾಕ್ ಒಬ್ಬಳು. ಕಾರ್ಖಾನೆ 1958ರಲ್ಲಿ ಮುಚ್ಚಿತು. ಅಲ್ಲಿಗೆ ಎಲ್ಲ ಮುಗಿಯಿತು ಎಂದೇ ಊರವರು ತಿಳಿದಿದ್ದರು.

ದೂಳಿನ ಕೇಡು ಆಗ ಯಾರಿಗೂ ತಿಳಿದಿರಲಿಲ್ಲವೇ ಎಂದರೆ, ತಿಳಿದಿತ್ತು. ರಾಬರ್ಟ್ಸ್ ಕಂಪೆನಿ ಸೇರಿಕೊಂಡಿದ್ದ ಟರ್ನರ್ ಅಂಡ್ ನ್ಯೂಆಲ್ ಸಮೂಹದ ಮೂಲ ಊರು ರೋಚ್‌ಡೇಲ್. ಅಲ್ಲಿನ ಕಾರ್ಖಾನೆಯಲ್ಲಿ ನೂಲುತ್ತಿದ್ದ ನೆಲ್ಲಿ ಕೆರ್ಶಾ ಎಂಬ ಹೆಣ್ಣುಮಗಳು 1924ರಲ್ಲಿ, ತನ್ನ 33ನೇ ವಯಸ್ಸಿನಲ್ಲಿ, ಶ್ವಾಸಕೋಶ ಗಟ್ಟಿಯಾಗಿ ಸತ್ತಳು. ಇದು ಕೆಲಸದಿಂದ ಬಂದ ರೋಗ, ನಮ್ಮದಲ್ಲ ಎಂದು ಆರೋಗ್ಯ ವಿಮೆಯವರು ಕೈಬಿಟ್ಟರು. ಕಾನೂನಿನ ಪಟ್ಟಿಯಲ್ಲಿ ಇಂಥ ರೋಗವೇ ಇಲ್ಲ ಎಂದು ಕಂಪೆನಿ ಕೈತೊಳೆದುಕೊಂಡಿತು. ಶವಸಂಸ್ಕಾರದ ಖರ್ಚನ್ನೂ ಕೊಡಲಿಲ್ಲ. ಕೊಟ್ಟರೆ ಅದೇ ರೂಢಿಯಾದೀತೆಂಬ ಅಂಜಿಕೆ. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ಕುಕ್ ಅದೇ ವರ್ಷ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1930ರಲ್ಲಿ ಸರ್ಕಾರಿ ಪರಿವೀಕ್ಷಕ ಡಾ. ಮೆರಿವೆದರ್ 363 ಕಾರ್ಮಿಕರನ್ನು ಪರೀಕ್ಷಿಸಿದಾಗ ಸುಮಾರು ಕಾಲುಭಾಗ ಜನರ ಎದೆಯಲ್ಲಿ ಅದೇ ಹಾನಿ ಕಂಡಿತು. ಮರುವರ್ಷ ದೂಳು ತಡೆಯುವ ನಿಯಮಗಳು ಬಂದವು. ನಿಯಮಗಳೆಲ್ಲ ಕಾರ್ಖಾನೆಯ ಒಳಗಿನವರಿಗೆ ಮಾತ್ರ. ಗೋಡೆಯ ಆಚೆ ಆಡುತ್ತಿದ್ದ ಮಕ್ಕಳ ನೆನಪು ಯಾರಿಗೂ ಆಗಲಿಲ್ಲ.

ಆ ಮಕ್ಕಳಿಗೂ ಅಪಾಯವಿದೆ ಎಂಬುದನ್ನು ತೋರಿಸಿದ್ದು ಇಂಗ್ಲೆಂಡಲ್ಲ, ದಕ್ಷಿಣ ಆಫ್ರಿಕ. ನೀಲಿ ಕಲ್ನಾರಿನ ಗಣಿಗಳಿದ್ದ ಕೇಪ್ ಪ್ರಾಂತ್ಯದ ಕಿಂಬರ್ಲಿಯಲ್ಲಿ ಡಾ. ಸ್ಲೆಗ್ಸ್ ಎಂಬುವರು ಕ್ಷಯರೋಗದ ಆಸ್ಪತ್ರೆ ನೋಡಿಕೊಳ್ಳುತ್ತಿದ್ದರು. ಎದೆಯಲ್ಲಿ ನೀರು ತುಂಬಿಕೊಂಡು ಬಂದವರಿಗೆಲ್ಲ ಕ್ಷಯದ ಔಷಧಿ ಕೊಡುವುದು ವಾಡಿಕೆ. ಪೂರ್ವದ ಕಡೆಯಿಂದ ಬಂದವರು ಗುಣವಾಗುತ್ತಿದ್ದರು. ಗಣಿಗಳಿದ್ದ ಪಶ್ಚಿಮದ ಕಡೆಯವರು ಗುಣವಾಗುತ್ತಿರಲಿಲ್ಲ. ಏಕೆ ಹೀಗೆ ಎಂದು ಅವರು ರೋಗಶಾಸ್ತ್ರಜ್ಞ ಡಾ. ವ್ಯಾಗ್ನರ್ ಅವರ ಜೊತೆ ಹುಡುಕುತ್ತಾ ಹೋದರು. 1960ರಲ್ಲಿ ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಶಾನ್ ಪ್ರಕಟಿಸಿದ ಲೇಖನದಲ್ಲಿ 33 ರೋಗಿಗಳ ವಿವರವಿತ್ತು. ಅವರಲ್ಲಿ ಹಲವರು ಗಣಿಯಲ್ಲಿ ಒಂದು ದಿನವೂ ದುಡಿದವರಲ್ಲ. ಗಣಿಯ ಬಳಿ ಹುಟ್ಟಿ ಬೆಳೆದವರು ಅಷ್ಟೆ. ರೋಗಕ್ಕೆ ಮೆಸೊಥೀಲಿಯೋಮ ಎಂದು ಹೆಸರು. ಕ್ಷಯ ಹೆಚ್ಚಾಗಿರುವ ನಮ್ಮಂಥ ದೇಶದ ವೈದ್ಯರು ಕಿಂಬರ್ಲಿಯ ಈ ಪ್ರಸಂಗವನ್ನು ಮರೆಯುವಂತಿಲ್ಲ.

ಮೆಸೊಥೀಲಿಯೋಮ ಶ್ವಾಸಕೋಶದ ಹೊರಪೊರೆಗೆ, ಕೆಲವರಲ್ಲಿ ಹೊಟ್ಟೆಯ ಒಳಪೊರೆಗೆ ಬರುವ ಕ್ಯಾನ್ಸರ್. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆಗಳು ಉಸಿರಿನೊಡನೆ ಒಳಗಿಳಿದು ಪೊರೆಯವರೆಗೂ ತಲುಪುತ್ತವೆ. ದೇಹದ ಕಾವಲು ಜೀವಕೋಶಗಳು ಉದ್ದನೆಯ ಈ ಎಳೆಯನ್ನು ನುಂಗಲೂ ಆರವು, ಕರಗಿಸಲೂ ಆರವು. ವರ್ಷಗಟ್ಟಲೆ ಅಲ್ಲಿ ಉರಿಯೂತ ನಡೆದೇ ಇರುತ್ತದೆ. ಉಬ್ಬಸ, ಎದೆನೋವು ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮೀರಿರುವುದೇ ಹೆಚ್ಚು. ಹೊಸ ಔಷಧಿಗಳು ಆಯುಷ್ಯವನ್ನು ಕೆಲವು ತಿಂಗಳು ಹಿಗ್ಗಿಸುತ್ತವೆ. ಎದೆಯ ನೀರು ತೆಗೆದು ಉಸಿರಾಟ ಸಲೀಸು ಮಾಡಬಹುದು, ನೋವು ತಗ್ಗಿಸಬಹುದು. ಪೂರ್ತಿ ಗುಣಪಡಿಸುವ ಚಿಕಿತ್ಸೆ ಇಲ್ಲ. ಹೀಗಾಗಿ ಪರಿಹಾರದ ಹಣ ರೋಗಿ ಬದುಕಿರುವಾಗಲೇ ಕೈಸೇರುವುದು ಇಲ್ಲಿ ಬಹಳ ಮುಖ್ಯ.

ಜೂನ್ ಹ್ಯಾನ್‌ಕಾಕ್ ಅವರ ತಾಯಿ 1982ರಲ್ಲಿ ಇದೇ ರೋಗದಿಂದ ತೀರಿಕೊಂಡರು. ಹತ್ತು ಹನ್ನೆರಡು ವರ್ಷಗಳ ನಂತರ ಮಗಳಿಗೂ ಅದೇ ಬಂತು. ತಾಯಿಯ ಕೊನೆಯ ದಿನಗಳನ್ನು ಕಣ್ಣಾರೆ ಕಂಡಿದ್ದ ಆಕೆಗೆ ಮುಂದೇನೆಂಬುದು ಚೆನ್ನಾಗಿ ಗೊತ್ತಿತ್ತು. ಆದರೂ ಮೊಕದ್ದಮೆ ಹೂಡಿದರು. ಕಾರ್ಖಾನೆಯ ನೌಕರಳಲ್ಲದ, ಬಾಲ್ಯದಲ್ಲಿ ಬೀದಿಯಲ್ಲಿ ಆಡಿದ್ದೇ ಕಾರಣವೆನ್ನುವ ಫಿರ್ಯಾದಿ ಬ್ರಿಟನ್ನಿನಲ್ಲಿ ಅದುವರೆಗೆ ಗೆದ್ದಿರಲಿಲ್ಲ.

ಆಕೆಯ ನೆರವಿಗೆ ಬಂದದ್ದು ಹಳೆಯ ಕಾಗದಗಳು. ನ್ಯೂಯಾರ್ಕಿನ ಚೇಸ್ ಮ್ಯಾನ್‌ಹಟನ್ ಬ್ಯಾಂಕು ತನ್ನ ಕಟ್ಟಡಕ್ಕೆ ಬಳಿದಿದ್ದ ಕಲ್ನಾರಿನ ಬಗ್ಗೆ ಟರ್ನರ್ ಅಂಡ್ ನ್ಯೂಆಲ್ ಮೇಲೆ ದಾವೆ ಹೂಡಿತ್ತು. ಬ್ಯಾಂಕು ಆ ದಾವೆಯಲ್ಲಿ ಸೋತಿತು. ಆದರೆ ವಿಚಾರಣೆಯ ನೆಪದಲ್ಲಿ ಕಂಪೆನಿ ತನ್ನ ಕಡತಗಳ ಕೋಣೆಯನ್ನು ತೆರೆಯಬೇಕಾಗಿ ಬಂದಿತ್ತು. ಸಿರಿವಂತ ಬ್ಯಾಂಕಿನ ವಕೀಲರು ಹೊರಗೆಳೆದ ದಾಖಲೆ ಆರ್ಮ್ಲಿಯ ಬಡಪಾಯಿಗಳಿಗೆ ಒದಗಿತು! ಕಾರ್ಖಾನೆಯವರಿಗೆ ಏನು, ಯಾವಾಗ ತಿಳಿದಿತ್ತೆಂಬುದು ಅವರದೇ ಪತ್ರಗಳಲ್ಲಿತ್ತು.

1995ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ಹಾಲಂಡ್ ಆಕೆಗೆ 65,000 ಪೌಂಡ್ ಪರಿಹಾರ ವಿಧಿಸಿದರು. ಆರ್ಮ್ಲಿಯ ಇನ್ನೊಂದು ಕುಟುಂಬವೂ ಅದೇ ತೀರ್ಪಿನಲ್ಲಿ ಗೆದ್ದಿತು. ಮೆಸೊಥೀಲಿಯೋಮ ಬರುತ್ತದೆಂದು ಕಂಪೆನಿಗೆ ಗೊತ್ತಿರಬೇಕಾಗಿಲ್ಲ, ದೂಳಿನಿಂದ ಎದೆಗೆ ಕೇಡೆಂದು ಗೊತ್ತಿದ್ದರೆ ಸಾಕು. ಒಳಗಿನಷ್ಟೇ ದೂಳು ಹೊರಗೂ ಇದ್ದರೆ ಹೊರಗಿನವರ ಹೊಣೆಯೂ ಅದರದೇ. ತೀರ್ಪಿನ ತಿರುಳು ಇದು. ಕಂಪೆನಿ ಮೇಲ್ಮನವಿ ಹೋಗಿ 1996ರಲ್ಲಿ ಸೋತಿತು. ಜೂನ್ 1997ರ ಜುಲೈನಲ್ಲಿ ತೀರಿಕೊಂಡರು. ಆಕೆಯ ಹೆಸರಿನಲ್ಲಿ ಅದೇ ವರ್ಷ ಆರಂಭವಾದ ಸಂಶೋಧನಾ ನಿಧಿ ಈ ರೋಗದ ಚಿಕಿತ್ಸೆ, ಶುಶ್ರೂಷೆಯ ಅಧ್ಯಯನಕ್ಕೆ ಹಣ ಒದಗಿಸುತ್ತಾ ಬಂದಿದೆ.

ಗೆದ್ದರೂ ಒಂದು ತೊಡಕು ಉಳಿಯಿತು. ಕಂಪೆನಿಯೇ ಇಲ್ಲವಾದರೆ? ಟರ್ನರ್ ಅಂಡ್ ನ್ಯೂಆಲ್ ಕೂಡ 2001ರಲ್ಲಿ ದಿವಾಳಿ ರಕ್ಷಣೆಗೆ ಮೊರೆಹೋಯಿತು. ಬ್ರಿಟನ್ 1985ರಲ್ಲಿ ನೀಲಿ, ಕಂದು ಕಲ್ನಾರನ್ನೂ 1999ರಲ್ಲಿ ಬಿಳಿಯದನ್ನೂ ನಿಷೇಧಿಸಿತು. ಆದರೂ ಹಿಂದಿನ ದೂಳಿನ ಫಲವಾಗಿ ಅಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಈ ರೋಗದಿಂದ ಸಾಯುತ್ತಾ ಬಂದರು. 2008ರಲ್ಲಿ ನೌಕರರಲ್ಲದ ರೋಗಿಗಳಿಗೂ ಇಡಿಗಂಟಾಗಿ ಹಣ ಕೊಡುವ ಯೋಜನೆ ಬಂತು. ಗಂಡನ ದೂಳುಬಟ್ಟೆ ಒಗೆದ ಹೆಂಡತಿಗೂ, ಕಾರ್ಖಾನೆಯ ನೆರೆಯವರಿಗೂ ಅದರಲ್ಲಿ ಪಾಲಿದೆ. ಕೆಲಸ ಕೊಟ್ಟವನೂ ಅವನ ವಿಮಾ ಕಂಪೆನಿಯೂ ಪತ್ತೆಯಾಗದಿದ್ದರೆ ಎಲ್ಲ ವಿಮಾ ಕಂಪೆನಿಗಳಿಂದ ವಸೂಲು ಮಾಡಿ ಕೊಡಬೇಕೆಂದು 2014ರ ಕಾಯ್ದೆ ಹೇಳಿತು.

ಆರ್ಮ್ಲಿಯ ತೀರ್ಪು ಬಂದ ವರ್ಷವೇ, ಅದಕ್ಕೂ ಒಂಬತ್ತು ತಿಂಗಳು ಮೊದಲು, ನಮ್ಮ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಪರವಾಗಿ ಒಂದು ತೀರ್ಪು ಕೊಟ್ಟಿತ್ತೆಂಬುದು ಅನೇಕರಿಗೆ ನೆನಪಿಲ್ಲ. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆ ಅದು. ಕೆಲಸದಲ್ಲಿರುವಾಗಲೂ ಬಿಟ್ಟ ಮೇಲೂ ಆರೋಗ್ಯ ಕಾರ್ಮಿಕನ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಸಾರಿತು. ರೋಗ ದೃಢಪಟ್ಟವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ, ಎಲ್ಲರಿಗೂ ಆರೋಗ್ಯ ವಿಮೆ. ಇವೆಲ್ಲಕ್ಕಿಂತ ದೂರದೃಷ್ಟಿಯದು ಇನ್ನೊಂದು ಆದೇಶ: ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು.

ಭಾರತದಲ್ಲಿ ಕಲ್ನಾರು ಗಣಿಗೆ 1986ರಿಂದ ಹೊಸ ಗುತ್ತಿಗೆ ಇಲ್ಲ. ಆದರೆ ರಷ್ಯಾ ಮೊದಲಾದ ಕಡೆಯಿಂದ ಬಿಳಿ ಕಲ್ನಾರು ತರಿಸಿ ಶೀಟು ಮಾಡುವುದು ನಿಂತಿಲ್ಲ. ಹಿಡಿತದಲ್ಲಿ ಬಳಸಿದರೆ ಬಿಳಿಯದು ನಿರಪಾಯ ಎಂಬುದು ಉದ್ಯಮದ ವಾದ. ಯಾವ ಬಣ್ಣದ್ದಾದರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಗಟ್ಟಿಯಾಗಿರುವ ಶೀಟಿನ ಕೆಳಗೆ ಮಲಗಿದವರು ಗಾಬರಿಯಾಗಬೇಕಿಲ್ಲ. ಗರಗಸದಿಂದ ಕೊಯ್ಯುವಾಗ, ತೂತು ಕೊರೆಯುವಾಗ, ಹಳೆಯದನ್ನು ಒಡೆದು ಪುಡಿಮಾಡುವಾಗ ಏಳುವ ದೂಳು ಅಪಾಯದ್ದು. ಅದನ್ನು ಒಣಗಿದ್ದಾಗ ಗುಡಿಸುವ ಬದಲು ನೀರು ಚಿಮುಕಿಸಿ ತೆಗೆಯಬೇಕು. ಮುಖಕ್ಕೆ ಟವಲು ಸುತ್ತಿದರೆ ಈ ಎಳೆ ನಿಲ್ಲುವುದಿಲ್ಲ.

ಸುಪ್ರೀಂ ಕೋರ್ಟಿನ ಆದೇಶದಂತೆ, ತೀರ್ಪು ಬಂದ 1995ರಲ್ಲಿ ಕೆಲಸಕ್ಕೆ ಸೇರಿದವನ ಕಡತ ಕನಿಷ್ಠ 2035ರವರೆಗೆ ಕಾರ್ಖಾನೆಯ ಕಪಾಟಿನಲ್ಲಿರಬೇಕು. ಶೀಟು ಕೊಯ್ದು ಸೂರಿಗೆ ಹೊದಿಸುವ ದಿನಗೂಲಿಯವನ ಹೆಸರು ಅದರಲ್ಲಿ ಇರುವುದಿಲ್ಲ. ಕಾರ್ಖಾನೆಯ ಪಕ್ಕದ ಬೀದಿಯಲ್ಲಿ ಆಡುವ ಮಗುವಿನದೂ ಇರುವುದಿಲ್ಲ.