ಮಗುವಿಗೆ ದಡಾರದ ಲಸಿಕೆ ಹಾಕಿಸಬೇಕಾ? ರಾಮದುರ್ಗದ ಸುದ್ದಿ ಬಂದ ವಾರ ನಾನು ಹುಡುಕಿದ ಉತ್ತರಗಳು

2022ರ ಜನವರಿ. ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ತಾಯಿ ಕಾರ್ಡಿನಲ್ಲಿ ಮುಂದಿನ ಖಾನೆ ‘ಎಂಆರ್’, ಅಂದರೆ ದಡಾರ ಮತ್ತು ರುಬೆಲ್ಲಾ ಲಸಿಕೆ. ಗುರುವಾರ ಮಗುವನ್ನ ಕರ್ಕೊಂಡು ಬನ್ನಿ ಅಂತ ಆಶಾ ಅಕ್ಕ ಹೇಳಿ ಹೋಗಿದ್ದರು. ಅದೇ ವಾರ ಅಂಬಿಕಾನಗರದ ನಮ್ಮ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು: ಪಕ್ಕದ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಚುಚ್ಚುಮದ್ದು ಹಾಕಿಸಿಕೊಂಡ ಮೂರು ಕಂದಮ್ಮಗಳು ಸತ್ತಿವೆ. ಯಾವ ಚುಚ್ಚುಮದ್ದು? ಅದೇ ಎಂಆರ್.

ಅತ್ತೆ ಮೊಬೈಲ್ ಕೆಳಗಿಟ್ಟು ಒಂದೇ ಮಾತು ಅಂದ್ರು. “ಈ ಸಲ ಬ್ಯಾಡ. ಸರ್ಕಾರದವರು ಹೇಳಿದ್ದನ್ನೆಲ್ಲಾ ನಂಬಿ ನಾವು ಒಮ್ಮೆ ಮನಿ ಕಳಕೊಂಡೀವಿ.”

ಅತ್ತೆಯ ತವರು ಸೂಪಾ ಅಣೆಕಟ್ಟಿನ ಹಿನ್ನೀರಿನಡಿ ಇದೆ. ಹಾಗೆ ಮುಳುಗಿದ ಊರುಗಳ ಎಷ್ಟೋ ಜನರನ್ನ ಜೋಯಿಡಾ ತಾಲ್ಲೂಕಿನ ರಾಮನಗರಕ್ಕೆ ತಂದು ಕೂರಿಸಿದರು. ಆ ನೀರು ನಾಗಝರಿಯಲ್ಲಿ ಕರೆಂಟಾಗುತ್ತೆ, ಆ ಕರೆಂಟಿನ ಕಾಲೊನಿಯಲ್ಲೇ ನಾನು ಸೊಸೆಯಾಗಿ ಬಂದಿದ್ದು. ಹಾಗಾಗಿ ಅವರ ಮಾತನ್ನ ‘ಅಜ್ಞಾನ’ ಅಂತ ತಳ್ಳಿಹಾಕೋಕೆ ನನಗೆ ಬಾಯಿ ಬರಲಿಲ್ಲ. ಲಸಿಕೆ ಬೇಡ ಅನ್ನೋರನ್ನೆಲ್ಲ ಮೂಢರು ಅಂತ ನಗೋದು ಸುಲಭ. ಆ ನಗುವಿಂದ ಒಂದು ಮಗುವಿಗೂ ಲಸಿಕೆ ಸಿಕ್ಕಿಲ್ಲ. ಆ ನಾಲ್ಕು ದಿನ ನಾನು ಓದಿದ್ದು, ಕೇಳಿದ್ದು, ಆಮೇಲೆ ಗೊತ್ತಾಗಿದ್ದು ಎಲ್ಲ ಸೇರಿಸಿ ಇಲ್ಲಿ ಬರೀತಿದೀನಿ.

ರಾಮದುರ್ಗದಲ್ಲಿ ಆಗಿದ್ದೇನು?

ಎಂಆರ್ ಲಸಿಕೆ ಬಾಟಲಿಯಲ್ಲಿ ಒಣ ಪುಡಿಯಾಗಿ ಬರುತ್ತೆ. ಜೊತೆಗೆ ಬರುವ ದ್ರಾವಣವನ್ನ ಹಾಕಿ ಕಲಸಿದ ಮೇಲೇ ಕೊಡೋದು. ಒಮ್ಮೆ ಕಲಸಿದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನ ಎಸೆಯಬೇಕು. ಯಾಕಂದ್ರೆ ಕೀಟಾಣು ಬೆಳೆಯದಂತೆ ತಡೆಯೋ ರಾಸಾಯನಿಕ ಇದರಲ್ಲಿ ಇರಲ್ಲ. ಕಲಸಿದ ಬಾಟಲಿ ಹಾಗೇ ಉಳಿದು ಅದರೊಳಗೆ ಬ್ಯಾಕ್ಟೀರಿಯಾ ಸೇರಿದರೆ ಅವು ವಿಷ ಉಗುಳುತ್ತವೆ. ಆ ವಿಷ ಪುಟ್ಟ ಮಗುವನ್ನ ಒಂದೆರಡು ದಿನದಲ್ಲಿ ಕೊಲ್ಲಬಲ್ಲದು.

ರಾಮದುರ್ಗದಲ್ಲಿ ಲಸಿಕೆಯನ್ನ ಹೋಟೆಲ್ಲೊಂದರ ಫ್ರಿಜ್‌ನಲ್ಲಿ ಇಡಲಾಗಿತ್ತು ಅಂತ ಪ್ರಾಥಮಿಕ ತನಿಖೆ ಆಧರಿಸಿ ವರದಿಗಳು ಬಂದವು. ಸಿಬ್ಬಂದಿಯ ನಿರ್ಲಕ್ಷ್ಯ ಅಂದರು, ನರ್ಸ್ ಮತ್ತು ಫಾರ್ಮಸಿಸ್ಟ್ ಅಮಾನತಾದರು. ಸುದ್ದಿ ಅಲ್ಲಿಗೆ ತಣ್ಣಗಾಯ್ತು. ನನಗೆ ಇವತ್ತಿಗೂ ಸಿಟ್ಟು ಬರೋದು ಆ ತಣ್ಣಗಾಗಿದ್ದರ ಮೇಲೆ. ಹಳ್ಳಿಗೆ ಹೋಗುವ ನರ್ಸಿಗೆ ತಂಪು ಪೆಟ್ಟಿಗೆ ಯಾರು ತಲುಪಿಸಬೇಕಿತ್ತು, ಸಂಜೆ ಅದನ್ನ ವಾಪಸ್ ಯಾರು ಒಯ್ಯಬೇಕಿತ್ತು, ಮೇಲಿನವರು ಯಾವತ್ತು ಬಂದು ನೋಡಿದ್ದರು? ಇಬ್ಬರ ಅಮಾನತು ಈ ಪ್ರಶ್ನೆಗಳಿಗೆ ಉತ್ತರ ಅಲ್ಲ.

ಆದರೂ ನನಗೆ ಸ್ಪಷ್ಟವಾದ ಸಂಗತಿ ಒಂದಿತ್ತು. ಅಲ್ಲಿ ಬೆರಳು ತೋರಿಸಿದ್ದು ಲಸಿಕೆಯನ್ನ ಇಟ್ಟ ರೀತಿಯ ಕಡೆಗೆ, ಲಸಿಕೆಯ ಕಡೆಗಲ್ಲ.

ಸಮೋವಾ ದ್ವೀಪದ ಎರಡು ಮಕ್ಕಳು, ಆಮೇಲೆ 83 ಜನ

ಇದೇ ಥರದ ಕತೆ ಶಾಂತ ಸಾಗರದ ಸಮೋವಾದಲ್ಲಿ ನಡೆದಿದೆ. ಅಲ್ಲಿನ ಜನಸಂಖ್ಯೆ ಬರೀ 2 ಲಕ್ಷದಷ್ಟು. 2018ರ ಜುಲೈನಲ್ಲಿ ಇಬ್ಬರು ನರ್ಸ್‌ಗಳು ದಡಾರದ ಲಸಿಕೆಗೆ ಸರಿಯಾದ ದ್ರಾವಣದ ಬದಲು ಸ್ನಾಯು ಸಡಿಲಿಸುವ ಅರಿವಳಿಕೆ ಔಷಧಿ ಬೆರೆಸಿಬಿಟ್ಟರು. ಎರಡು ಕೂಸುಗಳು ಸತ್ತವು. ಸರ್ಕಾರ ಲಸಿಕೆಯನ್ನ ತಿಂಗಳುಗಟ್ಟಲೆ ನಿಲ್ಲಿಸಿತು. ಮತ್ತೆ ಶುರುವಾದಾಗ ಎಷ್ಟೋ ತಾಯಂದಿರು ಬರಲಿಲ್ಲ. ಹೊರಗಿನ ಲಸಿಕೆ ವಿರೋಧಿಗಳು ಆ ಭಯಕ್ಕೆ ಇನ್ನಷ್ಟು ಗಾಳಿ ಹಾಕಿದರು. ದಡಾರದ ಲಸಿಕೆ ಪಡೆದ ಮಕ್ಕಳ ಪ್ರಮಾಣ ಮೂರನೇ ಒಂದಕ್ಕೂ ಕೆಳಗಿಳಿಯಿತು.

2019ರ ಕೊನೆಯಲ್ಲಿ ದಡಾರ ಬಂತು. 5,700ಕ್ಕೂ ಹೆಚ್ಚು ಜನಕ್ಕೆ ತಗುಲಿತು, 83 ಜನ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಲಸಿಕೆ ಹಾಕದ ಮಗು ಯಾವ ಮನೆಯಲ್ಲಿದೆ ಅಂತ ಗೊತ್ತಾಗಲಿ ಅಂತ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ ಅಂತ ಸರ್ಕಾರ ಜನರನ್ನ ಕೇಳಿಕೊಳ್ಳಬೇಕಾಯ್ತು.

ಇದನ್ನ ಅತ್ತೆಗೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, “ನಮ್ಮ ಕಾಲಕ್ಕ ಗೊಬ್ಬರ ಬಂದು ಹೋದ ಕೂಸುಗಳ್ನ ಲೆಕ್ಕ ಇಟ್ಟವರು ಯಾರು?” ಅಂದ್ರು. ನಮ್ಮ ಕಡೆ ಹಳಬರು ದಡಾರಕ್ಕೆ ‘ಗೊಬ್ಬರ’ ಅಂತಾರೆ.

ಕಾಯಿಲೆ ದೊಡ್ಡದಾ, ಸೂಜಿ ದೊಡ್ಡದಾ?

ದಡಾರ ಗಾಳಿಯಲ್ಲಿ ಹರಡುತ್ತೆ. ರೋಗಿ ಕೋಣೆಯಿಂದ ಹೊರಗೆ ಹೋದ ಮೇಲೂ ಎರಡು ಗಂಟೆವರೆಗೆ ವೈರಸ್ ಅಲ್ಲೇ ಇರಬಲ್ಲದು. ರೋಗನಿರೋಧಕ ಶಕ್ತಿ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಅಂಟಬಹುದು. ಅದಕ್ಕೇ ನೂರರಲ್ಲಿ 95 ಜನಕ್ಕಾದರೂ ರಕ್ಷಣೆ ಇರಬೇಕು ಅನ್ನೋದು. ಒಳ್ಳೆಯ ಆಸ್ಪತ್ರೆಗಳಿರೋ ಶ್ರೀಮಂತ ದೇಶಗಳಲ್ಲೂ ದಡಾರ ಬಂದ ಪ್ರತಿ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳು ಸಾಯುತ್ತವೆ, ಒಂದು ಮಗುವಿಗೆ ಮೆದುಳಿನ ಊತ ಆಗುತ್ತೆ. ಬದುಕಿ ಉಳಿದ ಮಗುವಿನ ದೇಹ ಬೇರೆ ರೋಗಗಳ ವಿರುದ್ಧ ಗಳಿಸಿದ್ದ ಶಕ್ತಿಯನ್ನೂ ದಡಾರ ಅಳಿಸಿಹಾಕುತ್ತೆ.

ಲಸಿಕೆಯಿಂದ? ಕೆಲವು ಮಕ್ಕಳಿಗೆ ಒಂದು ವಾರದ ನಂತರ ಜ್ವರ, ಮೈಮೇಲೆ ಸಣ್ಣ ಗುಳ್ಳೆ ಬರುತ್ತೆ, ಎರಡ್ಮೂರು ದಿನದಲ್ಲಿ ಹೋಗುತ್ತೆ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು. ಅದು ಆಗೋದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ. ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿ ಅನ್ನೋದು.

ಒಂಬತ್ತು ತಿಂಗಳೇ ಯಾಕೆ ಅಂತ ನಾನೂ ಕೇಳಿದ್ದೆ. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ತಿಂಗಳುಗಳಲ್ಲಿ ಲಸಿಕೆಯ ವೈರಸ್ಸನ್ನೂ ಹೊಡೆದುಹಾಕ್ತವೆ, ಆಗ ಹಾಕಿದ್ರೆ ವ್ಯರ್ಥ. ತುಂಬಾ ತಡ ಮಾಡಿದ್ರೆ ಆ ರಕ್ಷಣೆ ಕರಗಿ ಮಗು ಬಯಲಲ್ಲಿ ನಿಂತಂಗೆ. ಒಂಬತ್ತನೇ ತಿಂಗಳಲ್ಲಿ ಕೊಟ್ಟ ಡೋಸ್ ಸುಮಾರು 85% ಮಕ್ಕಳಲ್ಲಷ್ಟೇ ಹಿಡಿಯುತ್ತೆ, ಹಾಗಾಗಿ 16ರಿಂದ 24 ತಿಂಗಳೊಳಗೆ ಎರಡನೇ ಡೋಸ್. ಇದನ್ನ ಮರೆಯೋರೇ ಜಾಸ್ತಿ.

ಇನ್ನು ಆಟಿಸಂ ಫಾರ್ವರ್ಡ್. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ಬ್ರಿಟಿಷ್ ವೈದ್ಯ ಬರೀ 12 ಮಕ್ಕಳನ್ನ ಇಟ್ಟುಕೊಂಡು ಬರೆದ ಲೇಖನದಿಂದ ಶುರುವಾಗಿದ್ದು. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನ ಹಿಂತೆಗೆದುಕೊಂಡಿತು, ಆತನ ವೈದ್ಯ ನೋಂದಣಿಯೂ ರದ್ದಾಯ್ತು. 2019ರಲ್ಲಿ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರು, ಸಂಬಂಧ ಕಾಣಲಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕ ಸೇರಿ ಐದು ಕಡೆ ಎಂಆರ್ ಅಭಿಯಾನ ಶುರುವಾದಾಗಲೂ ವಾಟ್ಸಾಪ್‌ನಲ್ಲಿ ಇಂಥವೇ ಓಡಾಡಿದ್ದವು.

ಹಾಗಂತ ಲಸಿಕೆ ಅಂದ್ರೆ ಪ್ರಶ್ನೆ ಮಾಡಬಾರದ ದೇವರು ಅಂತಲ್ಲ. ನಮ್ಮ ಮಲೆನಾಡಿನದೇ ಉದಾಹರಣೆ ಇದೆ. ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಡ್ತಿದ್ದ ಲಸಿಕೆ (ಅದು ಕೂಸುಗಳಿಗಲ್ಲ, ಆರು ವರ್ಷ ಮೇಲ್ಪಟ್ಟವರಿಗೆ) ಸಾಕಷ್ಟು ರಕ್ಷಣೆ ಕೊಡ್ತಿಲ್ಲ ಅಂತ ಗೊತ್ತಾಗಿ 2022ರಲ್ಲಿ ನಿಂತಿತು. ಅಳೆದು ನೋಡಿದಾಗ ಅದು ಸೋತಿತು. ಅದೇ ಅಳತೆಯಲ್ಲಿ ದಡಾರದ ಲಸಿಕೆ ಗೆದ್ದಿದೆ.

ಬೇಡ ಅನ್ನೋ ಹಕ್ಕು ಇದೆಯಾ?

ಇದೆ. ನಮ್ಮಲ್ಲಿ ಮಕ್ಕಳ ಲಸಿಕೆಯನ್ನ ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾನೂನಿಲ್ಲ, 1985ರಿಂದ ನಡೀತಿರೋ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಉಚಿತ ಮತ್ತು ಐಚ್ಛಿಕ. ಕೋವಿಡ್ ಲಸಿಕೆ ಕುರಿತ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಅದು 21ನೇ ವಿಧಿಯಡಿ ಬರುತ್ತೆ ಅಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಮಿತವಾದ ನಿರ್ಬಂಧ ಹಾಕಬಹುದು ಅಂತಲೂ ಹೇಳಿತು. ನಮ್ಮ ಗೆಳೆಯರು ಈ ತೀರ್ಪಿನ ಮೊದಲರ್ಧ ಮಾತ್ರ ಸ್ಟೇಟಸ್ ಹಾಕ್ತಾರೆ. ಲಸಿಕೆ ನಂತರದ ತೊಂದರೆಗಳನ್ನ ಜನರೂ ವರದಿ ಮಾಡುವಂತಿರಬೇಕು, ಆ ಮಾಹಿತಿ ಎಲ್ಲರಿಗೂ ಸಿಗಬೇಕು ಅಂತ ಅದೇ ತೀರ್ಪು ಹೇಳಿದ್ದು ಯಾರ ಸ್ಟೇಟಸ್ಸಲ್ಲೂ ಕಾಣಲ್ಲ.

ಆದ್ರೆ ನನ್ನ ದೇಹದ ಮೇಲೆ ನನಗಿರೋ ಹಕ್ಕೂ, ಮಗುವಿನ ಪರವಾಗಿ ನಾನು ತಗೊಳ್ಳೋ ತೀರ್ಮಾನವೂ ಒಂದೇ ಅಲ್ಲ. ಪಕ್ಕದ ಮನೆಯ ಐದು ತಿಂಗಳ ಕೂಸಿಗೆ ಲಸಿಕೆಯ ವಯಸ್ಸೇ ಆಗಿಲ್ಲ. ಅದಕ್ಕೆ ಅಡ್ಡ ಗೋಡೆ ನನ್ನ ಮಗಳು.

ಜೋಯಿಡಾದ ದಿಗ್ಗಿ, ಬಜಾರಕುಣಂಗ್ ಕಡೆಯ ಕಾಡಿನ ಹಳ್ಳಿಗಳಲ್ಲಿ ‘ಹಾಕಿಸಬೇಕಾ’ ಅನ್ನೋದಕ್ಕಿಂತ ಮೊದಲಿನ ಪ್ರಶ್ನೆ ‘ಹೋಗೋದು ಹೆಂಗೆ’. ಮಳೆಗಾಲದಲ್ಲಿ ಹಳ್ಳ ತುಂಬಿದರೆ ನರ್ಸೂ ಬರಲ್ಲ, ತಾಯಿಯೂ ಹೋಗಲ್ಲ. ಮನೆಯಲ್ಲಿ ಕೊಂಕಣಿ ಆಡುವ ಕುಣಬಿ ತಾಯಿಗೆ ಕನ್ನಡದ ಪೋಸ್ಟರ್ ಎಷ್ಟು ಅರ್ಥ ಆಗುತ್ತೆ? ಇಂಥ ಮನೆಗಳನ್ನೂ ‘ಹಿಂಜರಿಕೆ’ ಅನ್ನೋ ಒಂದೇ ಪದದಲ್ಲಿ ಸೇರಿಸಿಬಿಡೋದು ಅನ್ಯಾಯ.

ಏನು ಕೇಳಬೇಕು?

ಗುರುವಾರ ಹೋದೆವು. ಅತ್ತೆಯೂ ಬಂದರು, ‘ನಾ ನೋಡ್ತೀನಿ’ ಅಂತ. ಮುಚ್ಚಳ ತೆಗೆಯೋ ಮುಂಚೆ ಬಾಟಲಿ ತೋರಿಸ್ತೀರಾ ಅಂತ ಸಿಸ್ಟರಿಗೆ ಕೇಳಿದೆ. ಅದರ ಮೇಲೆ ಒಂದು ಬಣ್ಣದ ವೃತ್ತ, ಒಳಗೊಂದು ಚೌಕ ಇರುತ್ತೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ. ಎರಡೂ ಒಂದೇ ಬಣ್ಣ ಆಗಿದ್ದರೆ ಅಥವಾ ಚೌಕವೇ ಕಪ್ಪಾಗಿದ್ದರೆ ಲಸಿಕೆ ಬಿಸಿ ಕಂಡಿದೆ ಅಂತ ಅರ್ಥ, ಬಳಸಬಾರದು. ಆದರೆ ಈ ಗುರುತು ಹೇಳೋದು ಬಿಸಿಯ ಬಗ್ಗೆ ಮಾತ್ರ, ಕಲಸಿ ಎಷ್ಟು ಹೊತ್ತಾಯ್ತು ಅಂತ ಹೇಳಲ್ಲ. ಅದಕ್ಕೆ ಬಾಟಲಿಯ ಮೇಲೆ ಕಲಸಿದ ಸಮಯ ಬರೆದಿದೆಯಾ ನೋಡಬೇಕು. ಸಿರಿಂಜ್ ಪ್ಯಾಕೆಟ್ ಕಣ್ಣೆದುರೇ ಒಡೆಯಬೇಕು. ಯಾವ ಲಸಿಕೆ, ಏನಾಗಬಹುದು, ಜ್ವರ ಬಂದ್ರೆ ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು, ಈ ನಾಲ್ಕನ್ನ ಕೇಳದಿದ್ದರೂ ಹೇಳೋದು ಅವರ ಕೆಲಸ. ಮಗುವಿಗೆ ಜೋರು ಜ್ವರ ಇದ್ದರೆ, ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, ರೋಗನಿರೋಧಕ ಶಕ್ತಿಯ ದೊಡ್ಡ ಸಮಸ್ಯೆ ಇದ್ದರೆ ಮೊದಲೇ ಹೇಳಬೇಕು. ಸಣ್ಣ ನೆಗಡಿಗೆ ಮುಂದೂಡೋದು ಬೇಡ. ಹಾಕಿಸಿದ ದಿನವೇ ವಾಂತಿ ಭೇದಿ, ಜೋರು ಜ್ವರ, ಮಂಕು ಕಂಡ್ರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆ.

ಸಿಸ್ಟರ್ ಸಿಟ್ಟಾಗ್ತಾರೆ ಅನ್ಕೊಂಡಿದ್ದೆ. ಅವರು ಬಾಟಲಿಯನ್ನ ಅತ್ತೆಯ ಕಣ್ಣಿನ ಹತ್ತಿರವೇ ಹಿಡಿದರು. “ಆಯಿ, ಬೆಳಗ್ಗಿಂದ ಎಲ್ಲರೂ ಇದನ್ನ ಕೇಳ್ಬೇಕಿತ್ತು, ನೀವೇ ಮೊದಲು.” ಹನ್ನೊಂದು ಹತ್ತಕ್ಕೆ ಪುಡಿ ಕಲಸಿದರು, ಸಮಯ ಬರೆದರು. ಮಗಳು ಕಾಲೊನಿಗೆಲ್ಲ ಕೇಳೋ ಹಾಗೆ ಅತ್ತಳು.

ಅರ್ಧ ಗಂಟೆ ಬೆಂಚಿನ ಮೇಲೆ ಕೂತೆವು. ಆರನೇ ದಿನ ಜ್ವರ ಬಂತು, ಎಂಟನೇ ದಿನ ಹೋಯ್ತು. ಎರಡನೇ ಡೋಸಿನ ತಾರೀಖನ್ನ ಅತ್ತೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು.