ಬೆರಕೆ ಸೊಪ್ಪಿನ ಸೀಮೆಯಲ್ಲಿ ಅಸಲಿ ಊಟದ ಹುಡುಕಾಟ

ಮುಳಬಾಗಿಲು ಸೀಮೆಯ ಹಳ್ಳಿಗಳಲ್ಲಿ ಮಧ್ಯಾಹ್ನ ಊಟಕ್ಕೆ ಕೂತವರ ತಟ್ಟೆಗೆ ಬೀಳುವುದು ‘ಹಿಟ್ಟು’. ಬೆಂಗಳೂರಿನವರು ಅದನ್ನೇ ರಾಗಿ ಮುದ್ದೆ ಎನ್ನುತ್ತಾರೆ. ನಂಗಲಿ ದಾಟಿ ಪಲಮನೇರಿನ ಕಡೆಗೆ ಹೋದರೆ ಅದು ‘ಸಂಗಟಿ’. ಮಾಲೂರಿನಿಂದ ಮಾಸ್ತಿಯ ದಿಕ್ಕಿಗೆ ಇಳಿದು ತಮಿಳುನಾಡಿಗೆ ಕಾಲಿಟ್ಟರೆ ‘ಕಳಿ’. ರಾಗಿ ಅದೇ, ಕುದಿಯುವ ನೀರು ಅದೇ, ತೊಳಸುವ ಕೋಲೂ ಅದೇ. ಸಂಗಟಿಗೆ ಒಂದಿಷ್ಟು ಅಕ್ಕಿ ಬೆರೆಸುವುದು ರಾಯಲಸೀಮೆಯವರ ರೂಢಿ, ವ್ಯತ್ಯಾಸವೆಂದರೆ ಅಷ್ಟೇ. ಹೀಗಿರುವಾಗ, ಕೋಲಾರಕ್ಕೆ ಬಂದು ‘ಇಲ್ಲಿ ಅಸಲಿ ಆಂಧ್ರದ ಊಟ ಎಲ್ಲಿ ಸಿಗುತ್ತದೆ?’ ಎಂದು ಕೇಳುವವರಿಗೆ ಏನೆಂದು ಉತ್ತರ ಹೇಳುವುದು?

ಪ್ರಶ್ನೆ ತಮಾಷೆಯದಲ್ಲ. ಕೋಲಾರದಂಥ ಮಧ್ಯಮ ಗಾತ್ರದ ಊರುಗಳಲ್ಲಿ ಈಗ ಹೆದ್ದಾರಿಯ ಎರಡೂ ಬದಿಗೆ ‘ಆಂಧ್ರ ಶೈಲಿ’, ‘ಅಂಬೂರ್ ಬಿರಿಯಾನಿ’, ‘ಪಂಜಾಬಿ ಢಾಬಾ’, ‘ಚೈನೀಸ್’ ಎಂಬ ಹಲಗೆಗಳು ಕಾಣುತ್ತವೆ. ಒಂದು ಜನಾಂಗದ ನಿಜವಾದ ಅಡುಗೆಯನ್ನು ಅದರ ಹೆಸರಿನ ಹಲಗೆಯ ಕೆಳಗೆ ಹುಡುಕಬೇಕೆಂದು ನಾವು ಭಾವಿಸುತ್ತೇವೆ. ಆದರೆ ಈ ಸೀಮೆಯ ಇತಿಹಾಸ ಬೇರೆಯೇ ದಾರಿ ತೋರಿಸುತ್ತದೆ. ಹೋಟೆಲಿಗಿಂತ ಮೊದಲು ನೋಡಬೇಕಾದದ್ದು ದಿನಸಿ ಅಂಗಡಿಯನ್ನು.

ಹೋಟೆಲು ಹೇಳದ ಮಾತು

ನಮ್ಮ ಬಯಲುಸೀಮೆಯ ಪೇಟೆಗಳಿಗೆ ಮೊದಲು ಬಂದ ‘ಪರಊರಿನ ಹೋಟೆಲ್’ ಯಾವುದು? ಯೋಚಿಸಿ ನೋಡಿದರೆ, ಅದು ಉಡುಪಿ ಹೋಟೆಲ್. ಕರಾವಳಿಯ ಜನ ಘಟ್ಟ ಹತ್ತಿ ಬಂದು ಕಟ್ಟಿದ ಉದ್ಯಮ ಅದು. ಬೆಂಗಳೂರಿನಲ್ಲಿ 1924ರಲ್ಲಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂದು ಆರಂಭವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲು ಉಡುಪಿ ಸೀಮೆಯ ಮಯ್ಯ ಮನೆತನದ್ದು. ಜಾತಿಯ ಪಂಕ್ತಿಭೇದ ಬಿಗಿಯಾಗಿದ್ದ ಕಾಲದಲ್ಲಿ ಹೊರಗೆ ಉಣ್ಣುವುದೇ ಅಪರಾಧವೆನಿಸಿತ್ತು. ಅಂಥವರಿಗೆ ಧೈರ್ಯ ಕೊಟ್ಟದ್ದು ಹಲಗೆಯ ಮೇಲಿನ ‘ಬ್ರಾಹ್ಮಣರ ಹೋಟೆಲ್’ ಎಂಬ ಮಾತು. ಮಾಂಸದೂಟಕ್ಕೆ ‘ಮಿಲಿಟರಿ ಹೋಟೆಲ್’ ಎಂಬ ಇನ್ನೊಂದು ಹಲಗೆ ಬಂತು. ಎರಡೂ ಹೆಸರು ಹೇಳುತ್ತಿದ್ದುದು ಒಳಗಿನ ರುಚಿಯನ್ನಲ್ಲ. ಯಾರು ಬರಬಹುದು, ಯಾರ ಕೈ ಅಡುಗೆ ಎಂಬುದನ್ನು.

ಉಡುಪಿ ಹೋಟೆಲಿನಲ್ಲಿ ಉಡುಪಿ ಎಷ್ಟಿತ್ತು? ಕರಾವಳಿಯ ಮನೆಗಳ ಪತ್ರೊಡೆ, ತಂಬುಳಿ, ಮೆಣಸ್ಕಾಯಿ ಬಹುಕಾಲ ಆ ಪಟ್ಟಿಯಲ್ಲಿ ಇರಲಿಲ್ಲ. ಇದ್ದದ್ದು ಇಡ್ಲಿ, ವಡೆ, ಮಸಾಲೆ ದೋಸೆ, ಕಾಫಿ. ಎಲ್ಲರಿಗೂ ಒಗ್ಗುವುದನ್ನು ಮುಂದಿಟ್ಟು, ತಮಗೆ ಮಾತ್ರ ಒಗ್ಗುವುದನ್ನು ಮನೆಯಲ್ಲೇ ಇಟ್ಟುಕೊಂಡದ್ದು ಆ ಜನರ ಜಾಣತನ. ಲಂಡನ್ನಿನ ‘ಇಂಡಿಯನ್’ ಹೋಟೆಲುಗಳ ಕತೆಯೂ ಇದೇ. ಅವುಗಳಲ್ಲಿ ಬಹುಪಾಲನ್ನು ಕಟ್ಟಿದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಬಡಿಸಿದ್ದು ಇಂಗ್ಲಿಷರಿಗೆ ಹಿಡಿಸುವ ಕರಿಗಳನ್ನು. ತಮ್ಮ ಮೀನಿನ ಸಾರನ್ನು ಉಂಡದ್ದು ಅಡುಗೆಮನೆಯ ಹಿಂದೆ. ನಮ್ಮ ಗಾಡಿಗಳ ಗೋಬಿ ಮಂಚೂರಿಯಂತೂ ಮಂಚೂರಿಯಾ ಕಂಡದ್ದೇ ಅಲ್ಲ. 1970ರ ದಶಕದಲ್ಲಿ ಮುಂಬಯಿಯಲ್ಲಿ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಕೋಳಿಯಿಂದ ಮಾಡಿದ ತಿನಿಸಿನ ತರಕಾರಿ ತಮ್ಮ ಅದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಗಿ ಬಂತೆಂದರೆ, ಅದು ಎಷ್ಟರಮಟ್ಟಿಗೆ ನಮ್ಮ ಬೀದಿಯದೇ ಆಗಿಬಿಟ್ಟಿದೆ ಎಂದು ತಿಳಿಯಬಹುದು.

ಅಂಗಡಿಯ ಸಾಕ್ಷಿ

ದಿನಸಿ ಅಂಗಡಿ ಹೀಗೆ ಮರೆಮಾಚುವುದಿಲ್ಲ. ಕೊಳ್ಳುವವರಿಲ್ಲದ ಸಾಮಾನನ್ನು ಯಾವ ಶೆಟ್ಟರೂ ತಂದಿಡುವುದಿಲ್ಲ. ಗೋಣಿಚೀಲಗಳನ್ನು ನೋಡಿದರೆ ಆ ಬೀದಿಯಲ್ಲಿ ಯಾರು ವಾಸವಾಗಿದ್ದಾರೆಂದು ಹೇಳಬಹುದು. ಕುಸುಬಲಕ್ಕಿ, ಎಳ್ಳೆಣ್ಣೆ, ತಮಿಳರು ಕರುವಾಡು ಎನ್ನುವ ಒಣಮೀನು ಒಟ್ಟಿಗೆ ಕಂಡರೆ ಅದು ತಮಿಳರ ಬೀದಿ. ಸಣ್ಣ ಕಾಳಿನ ಜೀರಕ ಸಾಂಬಾ ಅಕ್ಕಿ ಸಿಕ್ಕರೆ ಅಂಬೂರು, ವಾಣಿಯಂಬಾಡಿ ಕಡೆಯ ಬಿರಿಯಾನಿಯನ್ನು ಬಲ್ಲವರು ಹತ್ತಿರದಲ್ಲಿದ್ದಾರೆಂದು ಅರ್ಥ. ಆ ಬಿರಿಯಾನಿಗೆ ಉದ್ದನೆಯ ಬಾಸುಮತಿ ಸಲ್ಲದು. ಶ್ರೀನಿವಾಸಪುರದಲ್ಲಿ ಮಾವಿನ ಕಾಲಕ್ಕೆ ಸಾಸಿವೆ ಪುಡಿ, ಒಣಮೆಣಸಿನ ಪುಡಿ, ಎಣ್ಣೆಯನ್ನು ಜನ ಹೆಚ್ಚಾಗಿ ಕೊಂಡರೆ, ತೆಲುಗು ಮಾತನಾಡುವ ಮನೆಗಳಲ್ಲಿ ಆವಕಾಯಿ ಹಾಕುವ ಸಂಭ್ರಮ ಶುರುವಾಯಿತೆಂದು ತಿಳಿಯಬೇಕು. ಆ ಉಪ್ಪಿನಕಾಯಿಗೆ ಹೋಟೆಲಿನ ಹಲಗೆ ಬೇಕಿಲ್ಲ. ಅದು ಜಾಡಿಯಲ್ಲಿ ವರ್ಷವಿಡೀ ಇರುತ್ತದೆ.

ಈ ಸೀಮೆಯಲ್ಲಿ ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು. 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡದ ಆಸ್ತಿಯಾದರು. ಕೋಲಾರ, ಮುಳಬಾಗಿಲುಗಳ ಮುಸ್ಲಿಂ ಮನೆಗಳಲ್ಲಿ ದಖ್ಖನಿ ಉರ್ದು. ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದೂ ಈ ಜಿಲ್ಲೆಯಲ್ಲೇ, ಅವನ ತಂದೆ ಫತೇ ಮಹಮ್ಮದನ ಸಮಾಧಿ ಇರುವುದು ಕೋಲಾರದಲ್ಲಿ. ಇವರೆಲ್ಲ ಇಲ್ಲಿ ‘ಹೊರಗಿನವರು’ ಅಲ್ಲ. ಆದ್ದರಿಂದಲೇ ಇವರ ಅಡುಗೆಗೆ ಪ್ರತ್ಯೇಕ ಹೋಟೆಲು ಬೇಕೆಂದು ಯಾರಿಗೂ ತೋಚಲಿಲ್ಲ. ರಂಜಾನಿನ ಸಂಜೆ, ಮದುವೆಯ ದಾಲ್ಚಾ, ಸಂಕ್ರಾಂತಿಯ ಪೊಂಗಲು ಇವೆಲ್ಲ ಅಕ್ಕಪಕ್ಕದ ಮನೆಯಿಂದ ತಟ್ಟೆಯಲ್ಲಿ ಬರುತ್ತಿದ್ದವು.

ಚಿನ್ನದ ಗಣಿಯ ಊಟ

ಒಂದೇ ಜಿಲ್ಲೆಯೊಳಗೆ ಲೋಕದ ನಾನಾ ಕಡೆಯ ಅಡುಗೆ ಒಟ್ಟಾದ ಜಾಗವೆಂದರೆ ಕೋಲಾರ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿನ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಬರಡು ನೆಲದ ಮೇಲೆ ಊರೊಂದು ಎದ್ದಿತು. 1894ರಲ್ಲಿ ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ನೆಲದಾಳಕ್ಕೆ ಇಳಿದು ದುಡಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ ಕಡೆಯ ದಲಿತ ಕುಟುಂಬಗಳ ತಮಿಳರು. ಚಿತ್ತೂರಿನ ಕಡೆಯ ತೆಲುಗರಿದ್ದರು. ಕೆಲಸ ನೋಡಿಕೊಳ್ಳಲು ಆಂಗ್ಲೋ ಇಂಡಿಯನ್ನರು, ಮೇಲೆ ಇಂಗ್ಲಿಷರು. ಅವರ ಪೈಕಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರು ಪ್ರಸಿದ್ಧರು. ಅಲ್ಲಿನ ತಾಮ್ರ, ತವರದ ಗಣಿಗಳು ಸೊರಗಿದಾಗ ಅವರು ಲೋಕದ ಗಣಿಗಳಿಗೆಲ್ಲ ಹರಡಿದ್ದರು.

ಕಾರ್ನ್‌ವಾಲಿನ ಗಣಿಗಾರನ ಬುತ್ತಿ ‘ಪಾಸ್ಟಿ’. ಮಾಂಸ, ಆಲೂಗೆಡ್ಡೆ, ಈರುಳ್ಳಿಯನ್ನು ಮೈದಾ ಹಾಳೆಯೊಳಗೆ ಮಡಿಚಿ, ನಮ್ಮ ಕರ್ಜಿಕಾಯಿಯ ಆಕಾರದಲ್ಲಿ ಒತ್ತಿ ಬೇಯಿಸಿದ ತಿನಿಸು ಅದು. ಇದೇ ಟೇಲರ್ ಮನೆತನದ ಹಿರಿಯ 1824ರಲ್ಲಿ ಮೆಕ್ಸಿಕೋದ ರಿಯಾಲ್ ಡೆಲ್ ಮಾಂಟೆ ಎಂಬಲ್ಲಿ ಬೆಳ್ಳಿಯ ಗಣಿ ಹಿಡಿದಿದ್ದ. ಅಲ್ಲಿಗೂ ಕಾರ್ನ್‌ವಾಲಿನವರು ಹೋದರು. ಇಂದಿಗೂ ಆ ಊರಿನ ಬೀದಿಗಳಲ್ಲಿ ‘ಪಾಸ್ತೆ’ ಎಂಬ ಹೆಸರಿನಲ್ಲಿ ಆ ತಿನಿಸು ಮಾರುತ್ತಾರೆ. ಊರವರು ಅದಕ್ಕೆ ಮೆಣಸಿನಕಾಯಿ ತುಂಬಿ ತಮ್ಮದಾಗಿ ಮಾಡಿಕೊಂಡಿದ್ದಾರೆ. ಕೋಲಾರದ ಗಣಿಯಲ್ಲಿ ಮಾತ್ರ ಅದು ಊರಿಗೆ ಹೆಸರು ತಂದ ತಿಂಡಿಯಾಗಿ ಉಳಿಯಲಿಲ್ಲ.

ಕಾರಣ ರುಚಿಯಲ್ಲಿ ಇದ್ದಂತೆ ಕಾಣುವುದಿಲ್ಲ. ಕೆ.ಜಿ.ಎಫ್.ನಲ್ಲಿ ಬಂಗಲೆ ಒಂದು ಲೋಕ, ಕೂಲಿ ಲೈನು ಇನ್ನೊಂದು ಲೋಕ. ಕ್ಲಬ್ಬಿನ ಬಾಗಿಲು ಕಾರ್ಮಿಕನಿಗೆ ಮುಚ್ಚಿತ್ತು. ಬಿದಿರು ತಟ್ಟಿಯ ಗುಡಿಸಲಿನಲ್ಲಿದ್ದವನು ಸಾಹೇಬನ ಊಟವನ್ನು ಹೊತ್ತು ಬಡಿಸಿರಬಹುದು, ಜೊತೆಗೆ ಕೂತು ಉಂಡದ್ದಿಲ್ಲ. ಒಟ್ಟಿಗೆ ಉಣ್ಣದ ಕಡೆ ತಿನಿಸು ದಾಟುವುದು ಕಷ್ಟ.

ಆದರೂ ಕೆಲವು ದಾಟಿದವು. ದಾಟಿಸಿದ್ದು ಆಂಗ್ಲೋ ಇಂಡಿಯನ್ ಮನೆಗಳ ಅಡುಗೆ. ನಮ್ಮ ಸಾರು ಅಲ್ಲಿ ‘ಪೆಪ್ಪರ್ ವಾಟರ್’ ಆಯಿತು. ತಮಿಳಿನ ‘ಮಿಳಗು ತಣ್ಣಿ’ ಎಂಬ ಮೆಣಸಿನ ನೀರೇ ಇಂಗ್ಲಿಷರ ಬಾಯಲ್ಲಿ ‘ಮುಲ್ಲಿಗಟಾನಿ’ ಸೂಪಾಗಿ ಹಡಗು ಹತ್ತಿದ್ದು ಎಲ್ಲರಿಗೂ ಗೊತ್ತು. ತೆಂಗಿನ ಹಾಲಿನಲ್ಲಿ ಬೇಯಿಸಿದ ಹಳದಿ ಅನ್ನ, ಜೊತೆಗೆ ಖೀಮಾ ಉಂಡೆಯ ‘ಬಾಲ್ ಕರಿ’, ಈರುಳ್ಳಿ, ಒಣಮೆಣಸು, ವಿನಿಗರ್ ಅರೆದ ‘ಡೆವಿಲ್ ಚಟ್ನಿ’ ಅವರ ಭಾನುವಾರದ ಊಟ. ಕ್ರಿಸ್‌ಮಸ್ಸಿಗೆ ಕಲ್‌ಕಲ್, ರೋಸ್ ಕುಕ್ಕಿ. ಇವು ಇಂಗ್ಲೆಂಡಿನವೂ ಅಲ್ಲ, ಪೂರಾ ಇಲ್ಲಿನವೂ ಅಲ್ಲ. ಆದರೆ ಅಸಲಿ ಅಲ್ಲವೆಂದು ಹೇಳಲು ಯಾರಿಗೆ ಅಧಿಕಾರವಿದೆ?

1947ರ ನಂತರ ಆಂಗ್ಲೋ ಇಂಡಿಯನ್ನರು ಬ್ರಿಟನ್, ಆಸ್ಟ್ರೇಲಿಯ, ಕೆನಡಾಗಳಿಗೆ ಹೊರಡತೊಡಗಿದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ನಂತರ ಕೇಂದ್ರದ ಕೈಗೆ ಹೋದ ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಲಾಯಿತು. ಗಿರಾಕಿ ಹೋದ ಮೇಲೆ ಸಾಮಾನು ಬರುವುದಿಲ್ಲ, ಸಾಮಾನು ಬಾರದಿದ್ದರೆ ಅಡುಗೆ ಹಬ್ಬದ ದಿನಕ್ಕೆ ಹಿಂದೆ ಸರಿಯುತ್ತದೆ, ಆಮೇಲೆ ನೆನಪಿಗೆ. ಕೆ.ಜಿ.ಎಫ್.ನಲ್ಲಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಆಂಗ್ಲೋ ಇಂಡಿಯನ್ ಅಡುಗೆಯ ಪುಸ್ತಕಗಳನ್ನು ಸಾಲಾಗಿ ಬರೆಯಬೇಕಾಗಿ ಬಂದದ್ದು ಇದರಿಂದಲೇ ಇರಬೇಕು. ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬರುವ ದಾರಿ ಕಡಿದಾಗ ಅಡುಗೆ ಪುಸ್ತಕ ಸೇರುತ್ತದೆ.

ಹೋಗಲು ಎಲ್ಲೂ ಜಾಗವಿಲ್ಲದ ಗಣಿ ಕಾರ್ಮಿಕರ ಮಕ್ಕಳು ಮಾತ್ರ ಅಲ್ಲೇ ಉಳಿದರು. ಸಾವಿರಾರು ಮಂದಿ ಇಂದಿಗೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಬದುಕಿರುವುದು ಅವರ ಸಂಬಳದಿಂದ, ಅವರ ನಾಲಗೆಯಿಂದ.

ಊರ ಹೆಸರು ಹೊತ್ತ ತಿಂಡಿ

ಇದಕ್ಕೆ ತದ್ವಿರುದ್ಧವಾದ ಕತೆಯೂ ಈ ಸೀಮೆಯಲ್ಲೇ ಇದೆ. ಪಾನಿಪೂರಿ ಉತ್ತರದಿಂದ ಬಂದ ತಿಂಡಿ. ಬಂಗಾರಪೇಟೆಯವರು ಅದರ ಹಸಿರು ಪಾನಿಯ ಬದಲು ನೀರಿನಂತೆ ತಿಳಿಯಾದ, ಆದರೆ ನೆತ್ತಿಗೇರುವ ಪಾನಿ ಮಾಡಿದರು. ಈಗ ಬೆಂಗಳೂರಿನ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಹಲಗೆಗಳಿವೆ. ಮುಳಬಾಗಿಲು ದೋಸೆಯೂ ಹಾಗೆಯೇ: ದಪ್ಪಗೆ, ತುಪ್ಪದಲ್ಲಿ ಹೊರಗೆ ಗರಿಯಾಗಿ, ಒಳಗೆ ಮೆತ್ತಗೆ. ದೋಸೆ ದಕ್ಷಿಣಕ್ಕೆಲ್ಲ ಸೇರಿದ್ದು, ಕೈಚಳಕ ಮಾತ್ರ ಒಂದು ಊರಿನದು. ಪಾಸ್ಟಿಗೆ ಸಿಗದ ಭಾಗ್ಯ ಪಾನಿಪೂರಿಗೆ ಸಿಕ್ಕಿತು. ಗಾಡಿಯ ಸುತ್ತ ನಿಂತವರಲ್ಲಿ ಕುಲ, ದರ್ಜೆ ಕೇಳುವವರಿಲ್ಲವಲ್ಲ.

ಈಗ ಬಂದವರು

ಗಣಿ ಮುಚ್ಚಿದ ಜಿಲ್ಲೆಗೆ ಈಗ ಬೇರೆ ವಲಸೆ ಶುರುವಾಗಿದೆ. ಮಾಲೂರಿನ ಇಟ್ಟಿಗೆ, ಹೆಂಚಿನ ಕೆಲಸಕ್ಕೆ, ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಒಡಿಶಾ, ಬಿಹಾರದ ಕಡೆಯವರು ಬಂದಿದ್ದಾರೆ. ಕೋಲಾರದ ಹತ್ತಿರದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. 2020ರಲ್ಲಿ ತೈವಾನಿನ ವಿಸ್ಟ್ರಾನ್ ಮೊಬೈಲ್ ಫೋನ್ ತಯಾರಿಕೆ ಆರಂಭಿಸಿತು. 2023ರಲ್ಲಿ ಅದನ್ನು ಟಾಟಾ ಸಂಸ್ಥೆ ಕೊಂಡಿತು. ಇಂಥ ಕೆಲಸಗಾರರು ಬಾಡಿಗೆ ಕೋಣೆಗಳಲ್ಲಿ ನೆಲೆಸಿದ ಕಡೆ ಅಂಗಡಿಯವರು ಮೊದಲು ತರಿಸುವುದು ಸಾಸಿವೆ ಎಣ್ಣೆ. ಆಮೇಲೆ ಕಡಲೆ ಹುರಿದು ಬೀಸಿದ ಬಿಹಾರಿಗಳ ‘ಸತ್ತು’. ಹೆಸರು ಕೇಳಿ ನಮ್ಮವರು ನಕ್ಕಾರು. ಆದರೆ ಅದು ನಮ್ಮ ರಾಗಿ ಹುರಿಹಿಟ್ಟಿನ ನೆಂಟನೇ: ಒಲೆ ಹೊತ್ತಿಸಲು ಪುರುಸೊತ್ತಿಲ್ಲದ ದುಡಿಯುವವನ ಊಟ.

ಪರದೇಶದಲ್ಲಿ ನಮ್ಮವರು ಮಾಡಿದ್ದೂ ಇದನ್ನೇ ಅಲ್ಲವೇ? ಅಮೆರಿಕದ ಷಿಕಾಗೋದ ಡೆವನ್ ಅವೆನ್ಯೂದಲ್ಲಿ 1974ರಲ್ಲಿ ಪಟೇಲ್ ಬ್ರದರ್ಸ್ ತೆರೆದದ್ದು ಹೋಟೆಲನ್ನಲ್ಲ, ದಿನಸಿ ಅಂಗಡಿಯನ್ನು. ಬೇಳೆ, ಮಸಾಲೆಗಾಗಿ ಪರದಾಡುತ್ತಿದ್ದ ಭಾರತೀಯರಿಗೆ ಅದೊಂದು ಊರೇ ಸಿಕ್ಕಂತೆ. ಕೋಲಾರದಿಂದ ಹೋದ ಎಂಜಿನಿಯರು ಅಂಥ ಅಂಗಡಿಯಲ್ಲಿ ರಾಗಿ ಹಿಟ್ಟಿನ ಪೊಟ್ಟಣ ಕಂಡು ಹಿಗ್ಗುವುದಕ್ಕೂ, ಮಾಲೂರಿನಲ್ಲಿ ಸಾಸಿವೆ ಎಣ್ಣೆ ಕಂಡ ಬಿಹಾರಿಯ ಹಿಗ್ಗಿಗೂ ವ್ಯತ್ಯಾಸವೇನಿದೆ?

ಆದ್ದರಿಂದ ಅಸಲಿ ಊಟ ಹುಡುಕುವವರು ಮೂರು ಸಂಗತಿ ಗಮನಿಸಬೇಕು. ಅಲ್ಲಿ ಉಣ್ಣುತ್ತಿರುವವರು ಯಾರು? ಅಡುಗೆಗೆ ಬೇಕಾದ ಸಾಮಾನು ಪಕ್ಕದ ಅಂಗಡಿಯಲ್ಲಿ ಸಿಗುತ್ತದೆಯೇ? ಅದು ವಾರದ ಯಾವ ದಿನ, ವರ್ಷದ ಯಾವ ಹಬ್ಬಕ್ಕೆ ಬೇಯುತ್ತದೆ? ಹಲಗೆಯನ್ನು ಕೊನೆಗೆ ನೋಡಿದರೂ ನಡೆದೀತು.

ಕೋಲಾರದ ಹಳ್ಳಿಗಳಲ್ಲಿ ಮಳೆ ಬಿದ್ದ ಮೇಲೆ ಹೆಂಗಸರು ಹೊಲದ ಬದುಗಳಲ್ಲಿ ಅಣ್ಣೆ, ಗೋಣಿ, ಕೀರೆ, ಹೊನಗೊನೆ ಎಂದು ಸಿಕ್ಕ ಸೊಪ್ಪನ್ನೆಲ್ಲ ಮಡಿಲಿಗೆ ಕಿತ್ತು ತರುತ್ತಾರೆ. ಅದಕ್ಕೆ ಬೆರಕೆ ಸೊಪ್ಪು ಎಂದು ಹೆಸರು. ಬಿತ್ತಿ ಬೆಳೆದದ್ದಲ್ಲ, ಯಾವುದು ಮೊದಲಿನಿಂದ ಆ ಹೊಲದ್ದು, ಯಾವುದು ಗಾಳಿಯಲ್ಲಿ ಬಂದದ್ದು ಎಂದು ಯಾರೂ ಕೇಳುವುದಿಲ್ಲ. ಆ ಸಾರಿನ ಜೊತೆ ಉಣ್ಣುವುದು ಹಿಟ್ಟನ್ನೋ, ಸಂಗಟಿಯನ್ನೋ, ಕಳಿಯನ್ನೋ ಎಂದು ಕೇಳಿದರೆ, ‘ಆರಿಹೋಗ್ತದೆ, ಮೊದಲು ಉಣ್ಣಪ್ಪ’ ಎಂದಾರು.